ಜೈತೂನ್ ಎಣ್ಣೆಯೂ ಕರುಳಿನ ಕ್ಯಾನ್ಸರೂ

ಜೈತೂನ್ ಎಣ್ಣೆ ಕುಡಿಯುವವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವುದಿಲ್ಲವಂತೆ, ನಿಜವೇ ಎಂದು ಜುಮಾ ನಮಾಝಿನ ಬಳಿಕ ಕೆಲವರು ಕೇಳುತ್ತಾರೆ. ಕುರ್‌ಆನಿನ ಅನ್ನೂರ್, ಅತ್ತೀನ್ ಅಧ್ಯಾಯಗಳಲ್ಲಿ ಪ್ರಸ್ತಾಪವಾಗಿರುವ ಜೈತೂನನ್ನು ನಾವೆಲ್ಲರೂ ಬರಕತ್ತಿನದೆಂದು ನಂಬುತ್ತೇವೆ. ಆದರೆ ಬರಕತ್ತು ಬೇರೆ, ಔಷಧದ ಖಾತರಿ ಬೇರೆ. ಎರಡನೆಯದನ್ನು ಸಂಶೋಧನೆ ಮಾಡಿದವರಿಂದಲೇ ತಿಳಿಯಬೇಕು.

ಹೊಸದಾಗಿ ಹಿಂಡಿದ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ನುಂಗಿದರೆ ಗಂಟಲಿನ ಹಿಂಭಾಗದಲ್ಲಿ ಖಾರ ತಟ್ಟಿ ಕೆಮ್ಮು ಬರುವುದುಂಟು. ಅಮೆರಿಕದ ವಿಜ್ಞಾನಿ ಗ್ಯಾರಿ ಬ್ಯೂಚಾಂಪ್ ಇಟಲಿಯ ಸಿಸಿಲಿಯಲ್ಲಿ ಇಂತಹ ಎಣ್ಣೆಯ ರುಚಿ ನೋಡಿದಾಗ, ನೋವಿನ ಔಷಧಿ ಐಬುಪ್ರೊಫೆನ್ ಗಂಟಲಿನಲ್ಲಿ ಉಂಟುಮಾಡುವ ಉರಿ ಅವರಿಗೆ ನೆನಪಾಯಿತು. ಆ ಖಾರದ ಅಂಶಕ್ಕೆ ಅವರ ತಂಡ ಒಲಿಯೊಕ್ಯಾಂಥಲ್ ಎಂದು ಹೆಸರಿಟ್ಟಿತು. ಉರಿಯೂತ ಹೆಚ್ಚಿಸುವ ಕಾಕ್ಸ್ ಎಂಬ ಕಿಣ್ವಗಳನ್ನು ಅದು ಐಬುಪ್ರೊಫೆನ್‌ನಂತೆಯೇ ತಡೆಯುತ್ತದೆಂದು 2005ರಲ್ಲಿ ಪ್ರಕಟಿಸಿತು.

ಕರುಳಿಗೂ ಇದಕ್ಕೂ ಏನು ಸಂಬಂಧ? ದೊಡ್ಡ ಕರುಳಿನ ಬಹಳಷ್ಟು ಗೆಡ್ಡೆಗಳಲ್ಲಿ ಕಾಕ್ಸ್-2 ಕಿಣ್ವ ಹೆಚ್ಚಾಗಿರುತ್ತದೆ. ಇದೇ ಕಿಣ್ವಗಳನ್ನು ತಡೆಯುವ ಆಸ್ಪಿರಿನ್ ಅನ್ನು ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ದೋಷವುಳ್ಳವರಿಗೆ ದೀರ್ಘಕಾಲ ಕೊಟ್ಟಾಗ ಕರುಳಿನ ಕ್ಯಾನ್ಸರ್ ಕಡಿಮೆಯಾಯಿತು. (ಹಾಗೆಂದು ವೈದ್ಯರನ್ನು ಕೇಳದೆ ಯಾರೂ ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವವಾದೀತು.) ಜೈತೂನಿನ ಇನ್ನೊಂದು ಅಂಶ ಹೈಡ್ರಾಕ್ಸಿಟೈರೊಸಾಲ್ ಪ್ರಯೋಗಾಲಯದಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ನಿಧಾನಗೊಳಿಸಿದೆ. ಇಂತಹ ಅಂಶಗಳಲ್ಲಿ ಒಂದಿಷ್ಟು ಭಾಗ ಸಣ್ಣ ಕರುಳಿನಲ್ಲಿ ಹೀರಲ್ಪಡದೆ ನೇರ ದೊಡ್ಡ ಕರುಳಿಗೆ ತಲುಪುತ್ತದೆ ಎಂಬುದೂ ಆಶಾದಾಯಕವೇ.

ಆದರೆ ಗಾಜಿನ ತಟ್ಟೆಯ ಕೋಶ ಬೇರೆ, ಮನುಷ್ಯನ ಹೊಟ್ಟೆ ಬೇರೆ. ದಿನಕ್ಕೆ 50 ಗ್ರಾಂ ಎಣ್ಣೆ ಕುಡಿದರೂ ನೋವಿಗೆ ಕೊಡುವ ಐಬುಪ್ರೊಫೆನ್ ಪ್ರಮಾಣದ ಶೇ. 10ರಷ್ಟೇ ಪರಿಣಾಮವೆಂದು ಅದೇ ತಂಡ ಲೆಕ್ಕ ಹಾಕಿತ್ತು. ಕ್ರೀಟ್, ಸ್ಪೇನ್‌ಗಳ ಸಾಂಪ್ರದಾಯಿಕ ಊಟದಲ್ಲಿ ಎಣ್ಣೆಯ ಜೊತೆ ಸೊಪ್ಪು, ಕಾಳು, ಮೀನೂ ಇರುತ್ತವೆ. ಶ್ರೇಯಸ್ಸು ಯಾವುದಕ್ಕೆಂದು ಬಿಡಿಸಿ ಹೇಳುವುದು ಕಷ್ಟ. ನಮ್ಮಲ್ಲಿ ಕೆಲವರು ಕಬಾಬನ್ನೇ ಜೈತೂನ್ ಎಣ್ಣೆಯಲ್ಲಿ ಕರಿದು ಸಮಾಧಾನಪಡುತ್ತಾರೆ! ಕುರಿ, ದನದ ಮಾಂಸ ಬಹುಶಃ ಕ್ಯಾನ್ಸರ್‌ಕಾರಕ, ಸಾಸೇಜ್‌ನಂತಹ ಸಂಸ್ಕರಿತ ಮಾಂಸ ಖಚಿತವಾಗಿಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದೆ.

ಕೊಳ್ಳುವುದಾದರೆ ಗಾಢ ಬಣ್ಣದ ಬಾಟಲಿಯ ಎಕ್ಸ್‌ಟ್ರಾ ವರ್ಜಿನ್ ಕೊಳ್ಳಿ, ಹಸಿ ತರಕಾರಿಯ ಮೇಲೆ ಹಾಕಿಕೊಳ್ಳಿ. ಅಗ್ಗದ ಪೊಮೇಸ್ ಎಣ್ಣೆಯಲ್ಲಿ ಈ ಅಂಶಗಳು ಹೆಚ್ಚು ಉಳಿದಿರುವುದಿಲ್ಲ. ಸಾಲ ಮಾಡಿ ತರುವ ವಸ್ತುವಂತೂ ಅಲ್ಲ.

ನಮಗೆ ಹೆಚ್ಚು ಚಿಂತೆಯಿರುವುದು ಬೇರೆ ವಿಷಯದಲ್ಲಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ನಾಚಿಕೆಯಿಂದ ಮನೆಯಲ್ಲೂ ಹೇಳದೆ ಎಣ್ಣೆ ಕುಡಿಯುತ್ತಾ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ರಕ್ತ, ಮಲವಿಸರ್ಜನೆಯಲ್ಲಿ ವಾರಗಟ್ಟಲೆ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ – ಇವು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗವಿದ್ದರೆ ಲಕ್ಷಣಕ್ಕಾಗಿ ಕಾಯುವುದೂ ಬೇಡ. ಕರುಳಿನೊಳಗಿನ ಸಣ್ಣ ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹಲವು ವರ್ಷ ಹಿಡಿಯುತ್ತದೆ, ಅಷ್ಟರೊಳಗೆ ಕೊಲೊನೋಸ್ಕೋಪಿ ಮಾಡುವಾಗಲೇ ಅದನ್ನು ತೆಗೆದುಬಿಡಬಹುದು.