ಹತ್ತನೇ ತರಗತಿಯವರೆಗೂ ಕೈಬಿಡದ ವಿದ್ಯಾರ್ಥಿವೇತನ: ಬಾಂಗ್ಲಾದೇಶದ ಹುಡುಗಿಯರ ಅನುಭವ



ವಾರ್ಷಿಕ ವರದಿ ಕೈಸೇರಿದಾಗಲೆಲ್ಲ ಕೆಲವು ದಾನಿಗಳು ನಮ್ಮನ್ನು ಕೇಳುವುದುಂಟು: ಒಳ್ಳೆಯ ಅಂಕ ಪಡೆದ ನಾಲ್ಕಾರು ಹುಡುಗಿಯರಿಗೆ ಒಮ್ಮೆಗೇ ದೊಡ್ಡ ಮೊತ್ತ ಕೊಡಬಾರದೇ, ಸಾಧಾರಣ ಅಂಕದವರಿಗೆ ಸಣ್ಣ ಮೊತ್ತವನ್ನು ಕಂತಿನಲ್ಲಿ ವರ್ಷವರ್ಷವೂ ಏಕೆ ಕೊಡುತ್ತೀರಿ? ಪೋಷಕರ ಪ್ರಶ್ನೆ ಬೇರೆ. ಹಣವನ್ನು ತಂದೆಯ ಖಾತೆಗೆ ಏಕೆ ಹಾಕುವುದಿಲ್ಲ, ಪ್ರತಿ ಕಂತಿಗೂ ಹಾಜರಾತಿ ಪತ್ರ ಏಕೆ ಬೇಕು? ಈ ಎರಡೂ ಪ್ರಶ್ನೆಗಳಿಗೆ ನೆರೆಯ ಬಾಂಗ್ಲಾದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಉತ್ತರ ಹುಡುಕಲಾಗಿದೆ. ನಮ್ಮ ನಿಯಮಗಳ ಹಿಂದೆ ಆ ದೇಶದ ಅನುಭವವೂ ಇರುವುದರಿಂದ ಅದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಅಲ್ಲಿ ಪ್ರಾಥಮಿಕ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಆರನೇ ತರಗತಿಗೆ ಪ್ರೌಢಶಾಲೆಗೆ ಹೋಗಬೇಕು. ಹೆಚ್ಚಿನ ಹಳ್ಳಿಗಳಲ್ಲಿ ಅದು ದೂರ. ಶುಲ್ಕ, ಪುಸ್ತಕ, ಸಮವಸ್ತ್ರದ ಖರ್ಚು ಬೇರೆ. ಹುಡುಗಿಗೆ ಹನ್ನೊಂದು ಹನ್ನೆರಡು ವರ್ಷ ಆಗುವುದೂ ಆಗಲೇ, ಮನೆಗೆಲಸಕ್ಕೆ ಕೈ ಬೇಕೆನಿಸುವುದೂ ಆಗಲೇ, ಸಂಬಂಧದ ಮಾತು ಕೇಳಿಬರುವುದೂ ಆಗಲೇ. ಓದು ನಿಲ್ಲಲು ಇಷ್ಟು ಸಾಕು. ಯಾರೂ ಮಗಳ ಓದನ್ನು ವಿರೋಧಿಸಬೇಕಾಗಿಯೇ ಇಲ್ಲ.

1982ರಲ್ಲಿ ಚಾಂದ್‌ಪುರ ಜಿಲ್ಲೆಯ ಶಾಹರಸ್ತಿ ಎಂಬ ಉಪಜಿಲ್ಲೆಯಲ್ಲಿ ಒಂದು ಸ್ಥಳೀಯ ಸಂಸ್ಥೆ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಡುವ ಪ್ರಯೋಗ ಆರಂಭಿಸಿತು. ಹೊರದೇಶದ ನೆರವು ಅದಕ್ಕಿತ್ತು. ಫಲ ಕಂಡ ಸರ್ಕಾರ 1994ರಲ್ಲಿ ಅದನ್ನು ದೇಶದ ಗ್ರಾಮೀಣ ಭಾಗಕ್ಕೆಲ್ಲ ವಿಸ್ತರಿಸಿತು. ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಮತ್ತು ನಾರ್ವೆ ಹಣ ಒದಗಿಸಿದವು. ಮಾನ್ಯತೆ ಪಡೆದ ಮದರಸಗಳ ಹುಡುಗಿಯರನ್ನೂ ಸೇರಿಸಿಕೊಂಡರು.

ಕೊಟ್ಟ ಮೊತ್ತ ಎಷ್ಟೆಂದು ಕೇಳಿದರೆ ಆಶ್ಚರ್ಯವಾದೀತು. ಆರನೇ ತರಗತಿಗೆ ತಿಂಗಳಿಗೆ 25 ಟಾಕಾ, ಏಳಕ್ಕೆ 30, ಎಂಟಕ್ಕೆ 35. ಒಂಬತ್ತು ಮತ್ತು ಹತ್ತಕ್ಕೆ 60. ಒಂಬತ್ತರಲ್ಲಿ ಪುಸ್ತಕದ ಹಣ, ಹತ್ತರಲ್ಲಿ ಪರೀಕ್ಷಾ ಶುಲ್ಕ ಪ್ರತ್ಯೇಕ. ಬೋಧನಾ ಶುಲ್ಕ ನೇರವಾಗಿ ಶಾಲೆಗೆ ಹೋಗುತ್ತಿತ್ತು. ಮೇಲಿನ ತರಗತಿಗೆ ಹೋದಂತೆ ಮೊತ್ತ ಏರುವುದನ್ನು ಗಮನಿಸಿ. ಸಾಮಾನ್ಯವಾಗಿ ನಾವು ಸೇರುವಾಗ ಕೊಡುತ್ತೇವೆ, ಹಾರ ಹಾಕಿ ಫೋಟೋ ತೆಗೆಸುತ್ತೇವೆ. ಬಿಟ್ಟುಹೋಗುವ ಅಪಾಯ ಹೆಚ್ಚಾಗುವ ಒಂಬತ್ತನೇ ತರಗತಿಯ ಹೊತ್ತಿಗೆ ಮರೆತಿರುತ್ತೇವೆ. ಅಲ್ಲಿನವರು ಆ ಹೊತ್ತಿಗೇ ಕೈ ಬಿಗಿ ಹಿಡಿದರು.

ಹಣ ವರ್ಷಕ್ಕೆ ಎರಡು ಬಾರಿ ಸರ್ಕಾರಿ ಸ್ವಾಮ್ಯದ ಅಗ್ರಣಿ ಬ್ಯಾಂಕಿನಲ್ಲಿ ಹುಡುಗಿಯ ಹೆಸರಿನಲ್ಲೇ ಇದ್ದ ಖಾತೆಗೆ ಜಮಾ ಆಗುತ್ತಿತ್ತು. ತನ್ನ ಹೆಸರಿನ ಖಾತೆ, ತನ್ನ ಸಹಿ. ಆ ಮನೆಗಳ ಎಷ್ಟೋ ತಾಯಂದಿರಿಗೆ ಅದು ಇರಲಿಲ್ಲ. ಝಕಾತ್‌ನ ಹಣ ಅರ್ಹರ ಒಡೆತನಕ್ಕೇ ಸೇರಬೇಕು ಎಂಬುದು ನಮ್ಮ ದಾನಿಗಳಿಗೆ ತಿಳಿದ ವಿಷಯ. ಹುಡುಗಿಯ ಖಾತೆಗೆ ಹಣ ಹಾಕುವುದು ಈ ದೃಷ್ಟಿಯಿಂದಲೂ ನಮಗೆ ಸರಿಯೆನಿಸಿದೆ.

ಮೂರು ಷರತ್ತುಗಳಿದ್ದವು: ಶೇ. 75 ಹಾಜರಾತಿ, ವಾರ್ಷಿಕ ಪರೀಕ್ಷೆಯಲ್ಲಿ ಶೇ. 45 ಅಂಕ, ಮತ್ತು ಹತ್ತನೇ ತರಗತಿಯ ಪರೀಕ್ಷೆ ಮುಗಿಯುವವರೆಗೆ ಮದುವೆ ಮಾಡುವುದಿಲ್ಲ ಎಂಬ ಒಪ್ಪಿಗೆ. 1991ರಲ್ಲಿ ಪ್ರೌಢಶಾಲೆಯಲ್ಲಿ ಸುಮಾರು 11 ಲಕ್ಷ ಹುಡುಗಿಯರಿದ್ದ ದೇಶದಲ್ಲಿ 2005ರ ಹೊತ್ತಿಗೆ ಸುಮಾರು 39 ಲಕ್ಷ ಹುಡುಗಿಯರಿದ್ದರು. ಅಷ್ಟರಲ್ಲಿ ದಾಖಲಾತಿಯಲ್ಲಿ ಅವರು ಹುಡುಗರಿಗೆ ಸಮನಾಗಿದ್ದರು. ಇದೆಲ್ಲವೂ ವಿದ್ಯಾರ್ಥಿವೇತನ ಒಂದರಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಆ ವರ್ಷಗಳಲ್ಲಿ ಶಾಲೆಗಳು ಹೆಚ್ಚಿದವು, ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಓದಿದ ಹುಡುಗಿಯರಿಗೆ ಕೆಲಸವೂ ಸಿಗತೊಡಗಿತು.

ಆದರೆ ದಾನಿಗಳು ಇನ್ನೊಂದು ಮುಖವನ್ನೂ ತಿಳಿದಿರಬೇಕು. ಗ್ರಾಮೀಣ ಭಾಗದ ಎಲ್ಲ ಹುಡುಗಿಯರಿಗೂ ಒಂದೇ ಮೊತ್ತ ಇದ್ದುದರಿಂದ ಜಮೀನುದಾರನ ಮಗಳಿಗೂ ಕೂಲಿಯವನ ಮಗಳಿಗೂ ಸಿಕ್ಕಿದ್ದು ಅಷ್ಟೇ. ಬೆಲೆ ಏರಿದರೂ ಮೊತ್ತ ಬಹುಕಾಲ ಏರಲಿಲ್ಲ. ಅಂಕದ ಷರತ್ತಿನಿಂದ ಹೊರಬಿದ್ದವರಲ್ಲಿ ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಬಡ ಹುಡುಗಿಯರೇ ಹೆಚ್ಚು. ಅಂದರೆ ಯಾರಿಗಾಗಿ ಹಣ ಬಂದಿತ್ತೋ ಅವರೇ. 2008ರ ನಂತರದ ಯೋಜನೆಗಳಲ್ಲಿ ಮನೆಯ ಬಡತನ ನೋಡಿ ಆಯ್ಕೆ ಮಾಡುವ ಕ್ರಮ ಬಂತು, ಬಡ ಹುಡುಗರಿಗೂ ಅವಕಾಶವಾಯಿತು. ಮದುವೆಯ ವಿಷಯದಲ್ಲಿ ಫಲ ಇನ್ನೂ ಅರ್ಧದಾರಿ. ಕಾನೂನಿನಂತೆ ಹೆಣ್ಣಿಗೆ 18 ಆಗಬೇಕು. ಆದರೂ ಅಲ್ಲಿನ ಯುವತಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದಕ್ಕೆ ಮೊದಲೇ ಮದುವೆಯಾಗಿದೆ ಎಂದು ಸಮೀಕ್ಷೆಗಳು ತೋರಿಸಿವೆ. ಮಗಳು ಓದಿ ಏನು ಮಾಡುತ್ತಾಳೆ ಎಂಬುದಕ್ಕೆ ಊರಿನಲ್ಲೇ ಒಂದು ಉತ್ತರ ಕಾಣದಿದ್ದರೆ, ತಿಂಗಳ 60 ಟಾಕಾ ಒಬ್ಬ ತಂದೆಯನ್ನು ಎಷ್ಟು ದಿನ ತಡೆದೀತು?

ಆದುದರಿಂದ ನಾವು ಹಾಜರಾತಿಯ ಷರತ್ತನ್ನು ಇಟ್ಟುಕೊಂಡಿದ್ದೇವೆ, ಅಂಕದ ಷರತ್ತನ್ನು ಇಟ್ಟುಕೊಂಡಿಲ್ಲ. ಅನುತ್ತೀರ್ಣಳಾದ ಹುಡುಗಿಗೆ ಇನ್ನೊಂದು ವರ್ಷ ನೆರವು ಮುಂದುವರಿಯುತ್ತದೆ. ಎಂಟನೇ ತರಗತಿಯಿಂದ ಹತ್ತರವರೆಗೆ ಮೊತ್ತ ಏರುತ್ತಾ ಹೋಗುತ್ತದೆ, ಪರೀಕ್ಷಾ ಶುಲ್ಕವನ್ನು ಟ್ರಸ್ಟ್ ಕಟ್ಟುತ್ತದೆ. ಒಬ್ಬ ಹುಡುಗಿಯನ್ನು ಆರಿಸಿದರೆ ಮೂರು ವರ್ಷದ ಹಣವನ್ನು ಮೊದಲೇ ಎತ್ತಿಡುವುದರಿಂದ ಆಯ್ಕೆಯಾಗುವವರ ಸಂಖ್ಯೆ ಕಡಿಮೆ ಕಾಣುತ್ತದೆ. ವರದಿಯಲ್ಲಿ ದೊಡ್ಡ ಸಂಖ್ಯೆ ತೋರಿಸುವುದಕ್ಕಿಂತ ಇದು ಮೇಲೆಂದು ನಮ್ಮ ಅಭಿಪ್ರಾಯ. ಈ ವರ್ಷ ಒಂದೇ ಬಾರಿ ಕೊಡುವ ಬದಲು ಮೂರು ವರ್ಷಕ್ಕೆ ಮಾತು ಕೊಡುವ ದಾನಿಗಳಿದ್ದರೆ ಕಚೇರಿಗೆ ತಿಳಿಸಬೇಕೆಂದು ವಿನಂತಿ.

ಪೋಷಕರಿಗೆ: 10 ವರ್ಷ ತುಂಬಿದ ಮಕ್ಕಳು ಬ್ಯಾಂಕಿನ ನಿಯಮಗಳಿಗೆ ಒಳಪಟ್ಟು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ನಡೆಸಬಹುದು. ಅರ್ಜಿಯೊಂದಿಗೆ ಮಗಳ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಆದಾಯ ಪ್ರಮಾಣಪತ್ರ ಮತ್ತು ಮುಖ್ಯೋಪಾಧ್ಯಾಯರ ಸಹಿಯುಳ್ಳ ಹಾಜರಾತಿ ಪತ್ರ ಇರಲಿ. ಕಾಯಿಲೆಯಿಂದ ಅಥವಾ ಮನೆಯ ಕಷ್ಟದಿಂದ ಹಾಜರಾತಿ ಕಡಿಮೆಯಾಗಿದ್ದರೆ ಅರ್ಜಿ ಹಾಕದೆ ಉಳಿಯಬೇಡಿ. ಕಾರಣವನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ. ಶಾಲೆ ಬಿಟ್ಟು ಒಂದು ವರ್ಷವಾದವರ ಅರ್ಜಿಯನ್ನೂ ಪರಿಗಣಿಸುತ್ತೇವೆ. ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಅದರಲ್ಲಿ ಹುಡುಗಿ ತಾನೇ ತನ್ನ ಕೈಬರಹದಲ್ಲಿ ತುಂಬಬೇಕಾದ ಒಂದು ಭಾಗವಿದೆ, ಅದನ್ನು ಬೇರೆಯವರು ತುಂಬಬಾರದು.