ಅಗ್ಗದ ದುರ್ಬೀನು ಮಳೆಗಾಲವನ್ನು ತಾಳೀತೇ? ಶಾಲೆಗಳೂ ಪೋಷಕರೂ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಕಾಸರಗೋಡು, ವಯನಾಡುಗಳಲ್ಲಿ ಶಾಲೆಯ ಬಾಗಿಲು ತೆರೆಯುವುದೂ ಮುಂಗಾರು ಇಳಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಶಾಲೆಗಳ ಪರಿಸರ ಸಂಘಗಳು ಪಕ್ಷಿವೀಕ್ಷಣೆಗೆ ಹೊರಡುವುದೂ ಆ ಮಳೆಯ ನಡುವೆಯೇ. 2015ರಿಂದ 2020ರವರೆಗೆ ನಡೆದ ಕೇರಳ ಪಕ್ಷಿ ಭೂಪಟದ ಕಾರ್ಯದಲ್ಲಿ ಸ್ವಯಂಸೇವಕರು ಬೇಸಗೆಯಲ್ಲಿ ಮಾತ್ರವಲ್ಲ, ಮಳೆಗಾಲದಲ್ಲಿಯೂ ಹಕ್ಕಿಗಳನ್ನು ಎಣಿಸಿದರು. ಇಂತಹ ಕಾರ್ಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಪಾಲ್ಗೊಳ್ಳಬೇಕಾದರೆ ಅವರ ಕೈಯಲ್ಲಿ ಒಂದು ದುರ್ಬೀನು ಇರಬೇಕು. ಸಣ್ಣ ಶಾಲೆಯೊಂದು ಪೋಷಕರಿಂದ ಹಣ ಕೂಡಿಸಿ ಇಂತಹ ವಸ್ತುವನ್ನು ಕೊಳ್ಳುವುದು ಹಲವು ವರ್ಷಗಳಿಗೊಮ್ಮೆ. ಅದು ಆಗಸ್ಟ್ ತಿಂಗಳಲ್ಲೇ ಮಂಜುಗಟ್ಟಿ ಕಪಾಟು ಸೇರಿದರೆ ಮತ್ತೊಂದನ್ನು ಕೊಳ್ಳುವ ಉತ್ಸಾಹ ಯಾರಲ್ಲಿಯೂ ಉಳಿಯದು. ಆದುದರಿಂದ ಈ ಪ್ರಶ್ನೆಯನ್ನು ನಾವು ತುಸು ವಿವರವಾಗಿ ಪರಿಶೀಲಿಸೋಣ.

ನೀರು ಒಳಹೊಗುವ ಬಗೆ

ದುರ್ಬೀನನ್ನು ಕೆಡಿಸುವುದು ಮೇಲೆ ಬೀಳುವ ಮಳೆಹನಿಗಿಂತ ಹೆಚ್ಚಾಗಿ ಒಳಗೆ ಸೇರುವ ತೇವದ ಗಾಳಿ. ಹೊರಗಿನ ಉಷ್ಣತೆ ಇಳಿದಾಗ ಆ ಗಾಳಿಯಲ್ಲಿರುವ ನೀರಾವಿ ಮಸೂರ ಮತ್ತು ಪಟ್ಟಕಗಳ ಮೇಲೆ ಸಣ್ಣ ಹನಿಗಳಾಗಿ ಕೂರುತ್ತದೆ. ಹೊರಮೈಯ ಮಂಜನ್ನು ಬಟ್ಟೆಯಿಂದ ಒರೆಸಬಹುದು, ಒಳಮೈಯದನ್ನು ಒರೆಸುವಂತಿಲ್ಲ.

ಇದನ್ನು ತಡೆಯಲು ತಯಾರಕರು ಎರಡು ಉಪಾಯಗಳನ್ನು ಕೈಗೊಳ್ಳುತ್ತಾರೆ. ಮೊದಲನೆಯದು, ಸಂದುಗಳಲ್ಲಿ ರಬ್ಬರಿನ ಉಂಗುರಗಳನ್ನು ಕೂರಿಸಿ ಕೊಳವೆಯನ್ನು ಮುಚ್ಚುವುದು. ಎರಡನೆಯದು, ಒಳಗಿನ ಗಾಳಿಯನ್ನು ಹೊರದೂಡಿ ಒಣ ಸಾರಜನಕವನ್ನು ತುಂಬುವುದು. ನಾವು ಉಸಿರಾಡುವ ಗಾಳಿಯಲ್ಲಿಯೂ ಶೇಕಡಾ 78ರಷ್ಟು ಸಾರಜನಕವೇ ಇದೆ; ಇಲ್ಲಿ ಮುಖ್ಯವಾದುದು ಆ ಅನಿಲದಲ್ಲಿ ತೇವವಿಲ್ಲದಿರುವುದು.

ಶೀತದೇಶಗಳ ಬೇಟೆಗಾರರು ಬಂದೂಕಿನ ಮೇಲೆ ಕೂರಿಸುವ ಗುರಿದರ್ಶಕದಲ್ಲಿಯೂ ಇವೇ ಎರಡು ಉಪಾಯಗಳಿವೆ. ಅಗ್ಗದ ಗುರಿದರ್ಶಕ ಮಳೆ, ಹಿಮಗಳಲ್ಲಿ ಉಳಿದೀತೇ ಎಂಬ ಚರ್ಚೆ ಅಲ್ಲಿ ಹಳೆಯದು. ಗುಂಡು ಹಾರಿದಾಗಲೆಲ್ಲ ಅದು ಹಿನ್ನೊದೆತವನ್ನೂ ತಾಳಬೇಕು. ಅಗ್ಗದವುಗಳಲ್ಲಿ ಒಳಗಿನ ಸ್ಪ್ರಿಂಗ್ ಸಡಿಲಗೊಂಡು ಗುರಿ ಜರುಗುವುದುಂಟು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿರುವುದರಿಂದ ನಮಗೆ ಬೇಕಾದುದು ಗುರಿದರ್ಶಕವಲ್ಲ, ದುರ್ಬೀನು. ಅದಕ್ಕೆ ಹಿನ್ನೊದೆತದ ಭಯವಿಲ್ಲ. ಆದರೆ ಮಗುವಿನ ಕೈಯಿಂದ ಜಾರಿ ಕಲ್ಲಿನ ಮೇಲೆ ಬೀಳುವ ಭಯ ಇದ್ದೇ ಇದೆ.

ಪೆಟ್ಟಿಗೆಯ ಮೇಲಿನ ಬರಹವನ್ನು ಓದುವುದು

‘ವಾಟರ್ ರೆಸಿಸ್ಟೆಂಟ್’ ಮತ್ತು ‘ವಾಟರ್‌ಪ್ರೂಫ್’ ಎಂಬ ಮಾತುಗಳು ಒಂದೇ ಅಲ್ಲ. ಮೊದಲನೆಯದು ಸಾಮಾನ್ಯವಾಗಿ ತುಂತುರನ್ನು ತಾಳೀತು ಎಂಬಷ್ಟೇ ಅರ್ಥದ್ದು. ಮಾತಿಗಿಂತ ಅಂಕಿಯನ್ನು ನೋಡುವುದು ಲೇಸು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ತಾಳುತ್ತದೆ; ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಕೆಡದು. ‘ಎಕ್ಸ್’ ಇರುವ ಸ್ಥಾನ ದೂಳಿನದು. ಅಲ್ಲಿ 6 ಎಂಬ ಅಂಕಿ ಇದ್ದರೆ ದೂಳು ಒಳಹೊಗದು. ಮಳೆ ಕಡಿಮೆಯಾಗಿ ಗಾಳಿ ದೂಳು ಹೆಚ್ಚಿರುವ ಮಡಕಶಿರಾ, ರಾಯದುರ್ಗ, ಜತ್ತ ಪ್ರದೇಶಗಳ ಶಾಲೆಗಳಿಗೆ ಈ ಅಂಕಿಯೇ ಹೆಚ್ಚು ಪ್ರಯೋಜನಕಾರಿ.

‘8x42’ ಎಂಬಲ್ಲಿ 8 ಎಂಬುದು ವರ್ಧನೆ, 42 ಎಂಬುದು ಮುಂದಿನ ಮಸೂರದ ಮಿಲಿಮೀಟರ್ ಅಗಲ. 42ನ್ನು 8ರಿಂದ ಭಾಗಿಸಿದರೆ ಬರುವ 5.25 ಮಿಲಿಮೀಟರ್, ಕಣ್ಣಿಗೆ ತಲಪುವ ಬೆಳಕಿನ ಕಂಬದ ಅಗಲ. ಮೋಡ ಕವಿದ ಮುಂಜಾವಿನಲ್ಲಿ ಈ ಅಗಲವೇ ಮುಖ್ಯ. 20x50ರಲ್ಲಿ ಅದು 2.5 ಮಿಲಿಮೀಟರಿಗೆ ಇಳಿಯುತ್ತದೆ. ಕೈನಡುಕವೂ ಇಪ್ಪತ್ತು ಪಟ್ಟು ಕಾಣುತ್ತದೆ. ದೊಡ್ಡ ವರ್ಧನೆಯ ಆಸೆ ತೋರಿಸುವ, ಕೆಂಪಾಗಿ ಹೊಳೆಯುವ ಮಸೂರದ ಜೂಮ್ ದುರ್ಬೀನುಗಳನ್ನು ದೂರವಿಡುವುದೇ ಜಾಣತನ. ಕೆಂಪು ಲೇಪ ಬೆಳಕನ್ನು ಹಿಂದಕ್ಕೆ ಕಳಿಸಿ ದೃಶ್ಯವನ್ನು ಮಂಕಾಗಿಸುತ್ತದೆ.

ಆಕಾರದಲ್ಲಿಯೂ ವ್ಯತ್ಯಾಸವಿದೆ. ಹೆಗಲು ಅಗಲವಾಗಿರುವ ಪೋರೋ ಮಾದರಿ ಕಡಿಮೆ ಬೆಲೆಗೆ ಒಳ್ಳೆಯ ದೃಶ್ಯ ಕೊಡುತ್ತದೆ. ಆದರೆ ಬಹುಪಾಲು ಪೋರೋಗಳಲ್ಲಿ ಸ್ಪಷ್ಟತೆ ಹೊಂದಿಸುವಾಗ ನೇತ್ರಮಸೂರದ ಕೊಳವೆಗಳೇ ಹಿಂದೆ ಮುಂದೆ ಸರಿಯುವುದರಿಂದ ತೇವದ ಗಾಳಿಯೂ ಒಳಗೆ ಹೋಗಿಬರುತ್ತದೆ. ನೇರ ಕೊಳವೆಯ ರೂಫ್ ಮಾದರಿಯಲ್ಲಿ ಚಲನೆ ಒಳಗೇ ನಡೆಯುವುದರಿಂದ ಅದನ್ನು ಭದ್ರವಾಗಿ ಮುಚ್ಚುವುದು ಸುಲಭ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ದೂರದ ವಿದ್ಯುತ್ ಕಂಬವನ್ನು ಎರಡೂ ಕಣ್ಣಿನಿಂದ ನೋಡಿ, ದುರ್ಬೀನನ್ನು ಮೆಲ್ಲನೆ ಕಣ್ಣಿನಿಂದ ಹಿಂದಕ್ಕೆ ಸರಿಸಿರಿ. ಕಂಬ ಎರಡಾಗಿ ಕಂಡರೆ ಒಳಗಿನ ಪಟ್ಟಕಗಳು ಸಾಲುತಪ್ಪಿವೆ; ಅಂತಹುದನ್ನು ಬಳಸಿದ ಮಗುವಿಗೆ ತಲೆನೋವು ತಪ್ಪದು. ಬಳಿಕ ಅದನ್ನು ತೋಳಿನಷ್ಟು ದೂರ ಹಿಡಿದು ಆಕಾಶದ ಕಡೆಗೆ ನೋಡಿದರೆ ನೇತ್ರಮಸೂರದಲ್ಲಿ ಬೆಳಕಿನ ಬಿಲ್ಲೆ ಕಾಣುತ್ತದೆ. ಅದು ದುಂಡಗಿರಬೇಕು, ಅಂಚು ಕತ್ತರಿಸಿದಂತೆ ಇರಬಾರದು. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹಾಳಾದೀತು. ಜಲನಿರೋಧಕ ಎಂಬ ಭರವಸೆ ಖಾತರಿಪತ್ರದಲ್ಲಿ ಬರೆದಿದೆಯೇ ಎಂಬುದನ್ನೂ ನೋಡಿರಿ. ಅಂಗಡಿಯವರ ಬಾಯಿಮಾತು ಸಾಲದು.

ಕೊಂಡ ಮೇಲಿನ ಜೋಪಾನ

ಮಳೆಗಿಂತಲೂ ದೊಡ್ಡ ಶತ್ರು ಶಿಲೀಂಧ್ರ. ಸಾಪೇಕ್ಷ ಆರ್ದ್ರತೆ ಶೇಕಡಾ 70ನ್ನು ಮೀರಿ ದಿನಗಟ್ಟಲೆ ಉಳಿದರೆ ಮಸೂರದ ಮೇಲೆ ಜೇಡರಬಲೆಯಂತಹ ಎಳೆಗಳು ಹಬ್ಬುತ್ತವೆ. ಅವು ಸ್ರವಿಸುವ ಆಮ್ಲ ಲೇಪವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ. ಕರಾವಳಿಯಲ್ಲಿಯೂ ಘಟ್ಟದಲ್ಲಿಯೂ ಮುಂಗಾರಿನುದ್ದಕ್ಕೂ ಇಂತಹ ತೇವವಿರುತ್ತದೆ. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಅದರಲ್ಲಿ ಇಡುವುದು ಬೇಡ. ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟರೆ ಸಾಕು. ಪೊಟ್ಟಣಗಳು ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ಅಕ್ಕಿಯಲ್ಲಿ ಹೂಳುವ ಪದ್ಧತಿ ದೂಳನ್ನಷ್ಟೇ ಸೇರಿಸುತ್ತದೆ.

ನೆನೆದ ದುರ್ಬೀನನ್ನು ಒಣಗಿಸಿದ ಮೇಲೆಯೇ ಡಬ್ಬಿಗೆ ಸೇರಿಸಬೇಕು. ಒಲೆಯ ಮೇಲಾಗಲೀ ಸುಡುಬಿಸಿಲಿನಲ್ಲಾಗಲೀ ಅಲ್ಲ, ಗಾಳಿಯಾಡುವ ನೆರಳಿನಲ್ಲಿ. ದೂಳನ್ನು ಮೊದಲು ಊದುಬುಗ್ಗೆಯಿಂದ ಹಾರಿಸಿ, ಆಮೇಲೆ ಮೃದುವಾದ ಬಟ್ಟೆಯಿಂದ ಒರೆಸಬೇಕು. ಅಂಗಿಯ ತುದಿಯಿಂದ ಉಜ್ಜಿದರೆ ಮರಳಕಣ ಲೇಪವನ್ನು ಗೀರುತ್ತದೆ.

ಹಾಗಾದರೆ ಪ್ರಶ್ನೆಗೆ ಉತ್ತರವೇನು? ಜಾತ್ರೆಯಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುವುದು ಆಟಿಕೆ. ಅದು ಮಳೆಗಾಲವನ್ನು ದಾಟದು. ಮಧ್ಯಮ ಬೆಲೆಯ, ಸಾರಜನಕ ತುಂಬಿದ 8x42 ರೂಫ್ ದುರ್ಬೀನು ಜೋಪಾನ ಮಾಡಿದರೆ ಹಲವು ತಂಡಗಳ ಮಕ್ಕಳಿಗೆ ಉಪಯೋಗವಾದೀತು. ಹಣ ಅಷ್ಟಕ್ಕೆ ಸಾಲದಿದ್ದರೆ ಉತ್ತಮ ಪೋರೋ ಒಂದನ್ನು ಕೊಂಡು, ಜೋರುಮಳೆಯಲ್ಲಿ ಹೊರತೆಗೆಯದೆ, ಒಣ ಡಬ್ಬಿಯಲ್ಲಿ ಕಾಪಾಡುವುದೂ ಸರಿಯಾದ ದಾರಿಯೇ. ಐದು ಆಟಿಕೆಗಳಿಗಿಂತ ಸರದಿಯಂತೆ ಬಳಸುವ ಒಂದು ಒಳ್ಳೆಯ ದುರ್ಬೀನು ಮೇಲು.

ಬಳಕೆಯ ಸೂಚನೆಗಳು ಪೆಟ್ಟಿಗೆಯೊಳಗೆ ಕನ್ನಡದಲ್ಲಿ ದೊರೆಯುವುದು ಅಪರೂಪ. ಅವನ್ನು ಮಕ್ಕಳಿಂದಲೇ ಕನ್ನಡದಲ್ಲಿ ಬರೆಯಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರೆ ಮಸೂರ, ಪಟ್ಟಕ, ಆರ್ದ್ರತೆ ಎಂಬ ಪಾಠದ ಪದಗಳು ಅವರ ಕೈಕೆಲಸದ ಪದಗಳೂ ಆಗುತ್ತವೆ.