ಬಚ್ಚಲ ಕಣಿ ಕಟ್ಟಿದರೆ ತೆಗೆಸುವವರು ಯಾರು?

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಕೃಷಿಕರ ಮನೆಗಳಲ್ಲಿ ಬಚ್ಚಲ ನೀರು ಮನೆಯ ಹಿಂದಿನ ಕಣಿಯಲ್ಲಿ ಹರಿದು ಬಾಳೆ ಬುಡಕ್ಕೋ ತೋಟದ ತೋಡಿಗೋ ಸೇರುವುದು ಹಿಂದಿನಿಂದ ಬಂದ ಕ್ರಮ. ಆಸ್ತಿ ಒಂದೇ ಆಗಿದ್ದಾಗ ಈ ಕಣಿಯ ಯೋಚನೆ ಯಾರಿಗೂ ಬರುವುದಿಲ್ಲ. ಪಾಲಾಗಿ ಹಳೆಮನೆ ತಮ್ಮನಿಗೂ ಕೆಳಗಿನ ತೋಟ ಅಣ್ಣನಿಗೂ ಬಂದ ಮೇಲೆ ಕಣಿ ಕಟ್ಟಿಕೊಂಡಿತೆನ್ನಿ. "ನಿನ್ನ ನೀರು, ನೀನೇ ತೆಗೆಸು" ಎನ್ನುತ್ತಾನೆ ಅಣ್ಣ. "ಕಣಿ ಇರುವುದು ನಿಮ್ಮ ಜಾಗದಲ್ಲಿ ಅಣ್ಣಾ, ನೀವೇ ತೆಗೆಸಬೇಕು" ಎನ್ನುತ್ತಾನೆ ತಮ್ಮ. ಇವರ ಮಾತು ಮುಗಿಯುವ ಮೊದಲೇ ಅಂಗಳದಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿರುತ್ತದೆ. ಆದುದರಿಂದ ಹೊಣೆ ಯಾರದೆಂಬುದನ್ನು ನಾವು ಮೊದಲೇ ತಿಳಿದಿರುವುದು ಒಳ್ಳೆಯದು.

ಎಲ್ಲಿ ಕಟ್ಟಿದೆ?

ಅಡುಗೆ ಮನೆಯ ನೀರು ಮಾತ್ರ ನಿಂತು ಬಚ್ಚಲಿನ ನೀರು ಹರಿಯುತ್ತಿದ್ದರೆ ತೊಂದರೆ ತೊಟ್ಟಿಯ ಕೆಳಗಿನ ಬಾಗಿದ ಪೈಪಿನಲ್ಲಿ. ಎರಡೂ ನಿಂತರೆ ಹೊರಗಿನ ಪೈಪು ಅಥವಾ ಕಣಿಯಲ್ಲಿ. ನಮ್ಮ ಮನೆಗಳಲ್ಲಿ ಕಟ್ಟುವ ವಸ್ತುಗಳು ಹೆಚ್ಚಾಗಿ ಇವು: ಪಾತ್ರೆ ತಿಕ್ಕಿದ ತೆಂಗಿನ ನಾರು, ಬೂದಿ, ಕುಚ್ಚಲಕ್ಕಿ ಗಂಜಿಯ ಅಗುಳು, ಎಣ್ಣೆಯ ಜಿಡ್ಡು, ಕೂದಲು. ಹೊರಗೆ ತೆಂಗಿನ ಬೇರು ಪೈಪಿನ ಸಂದಿಯಲ್ಲಿ ನುಗ್ಗುವುದೂ ಉಂಟು. ಪೈಪನ್ನು ಕೆಳಗಿನ ತುದಿಯಿಂದ ಬಿದಿರಿನ ಸೀಳು ಹಾಕಿ ಬಿಡಿಸಿ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಒಟ್ಟಿಗೆ ಸುರಿಯಲೇಬಾರದು. ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಕಕ್ಕಸಿನ ಗುಂಡಿಗೆ ಯಾರನ್ನೂ ಇಳಿಸಬೇಡಿ. ಒಳಗಿನ ವಿಷಾನಿಲದಿಂದ ಪ್ರಾಣ ಹೋಗುತ್ತದೆ. ಹಾಗೆ ಇಳಿಸುವುದು 2013ರ ಕಾನೂನಿನಂತೆ ಅಪರಾಧವೂ ಹೌದು.

ಹೊಣೆ ಯಾರದು?

ನಮ್ಮ ಗಡಿಯೊಳಗಿನ ಪೈಪು, ಕಣಿ, ಗುಂಡಿ ನಮ್ಮದೇ ಹೊಣೆ. ಇದರಲ್ಲಿ ತಕರಾರಿಲ್ಲ. ಗಡಿ ದಾಟಿದ ಕಣಿಯ ಬಗ್ಗೆ 1882ರ ಈಸ್‌ಮೆಂಟ್ ಕಾಯಿದೆ ಉತ್ತರ ಹೇಳುತ್ತದೆ. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದಿಂದಲೂ ಇದು ಇಲ್ಲಿಗೆ ಅನ್ವಯಿಸುತ್ತದೆ.

ಮಳೆನೀರು ಬೇರೆ, ಬಚ್ಚಲ ನೀರು ಬೇರೆ. ಮೇಲಿನ ಜಾಗದಲ್ಲಿ ಬಿದ್ದ ಮಳೆನೀರು ಸಹಜವಾಗಿ ಇಳಿದು ಬರುವುದನ್ನು ಕೆಳಗಿನವರು ತಡೆಯಬಾರದು. ಬಚ್ಚಲ ನೀರಿಗೆ ಈ ಸಹಜ ಹಕ್ಕಿಲ್ಲ. ಆದರೆ ಪಾಲಾಗುವಾಗಲೇ ಕಣಿ ಕಣ್ಣಿಗೆ ಕಾಣುವಂತೆ ಇದ್ದು, ಮನೆಗೆ ಅದು ಅಗತ್ಯವಾಗಿದ್ದರೆ, ಪಾಲುಪತ್ರದಲ್ಲಿ ಬೇರೆ ರೀತಿ ಬರೆಯದಿದ್ದಲ್ಲಿ, ಆ ಹಕ್ಕು ಮುಂದುವರಿಯುತ್ತದೆ. ನೆರೆಯವರ ಜಾಗದಲ್ಲಿ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದೇ ಬಳಸಿಕೊಂಡು ಬಂದಿದ್ದರೂ ಹಕ್ಕು ಕೇಳಬಹುದು.

ಇನ್ನು ಖರ್ಚು. 25ನೇ ಕಲಮಿನಂತೆ ರಿಪೇರಿಯ ಖರ್ಚು ಹಕ್ಕುಳ್ಳವನದು, ಎಂದರೆ ನೀರು ಬಿಡುವವನದು. ರಿಪೇರಿ ಮಾಡದೆ ಕಣಿ ಒಡೆದು ಕೆಳಗಿನವರ ತೋಟ ಹಾಳಾದರೆ ನಷ್ಟ ಕೊಡಬೇಕಾದವನೂ ಅವನೇ. ಕೆಳಗಿನವರು ಕೈಯಿಂದ ಖರ್ಚು ಮಾಡಬೇಕಾಗಿಲ್ಲ. ಆದರೆ ಮಣ್ಣು ಹಾಕಿ ಕಣಿ ಮುಚ್ಚುವಂತಿಲ್ಲ, ಕೆಲಸಕ್ಕೆ ಬಂದವರನ್ನು ತಡೆಯುವಂತಿಲ್ಲ. ಹೋಗುವವರೂ ಕೆಳಗಿನವರಿಗೆ ಆದಷ್ಟು ಕಡಿಮೆ ತೊಂದರೆಯಾಗುವ ಹೊತ್ತಿನಲ್ಲಿ ಹೋಗಿ, ಅಗೆದದ್ದನ್ನು ಸರಿಮಾಡಿ ಬರಬೇಕು. ಹಳೆಯ ಬಚ್ಚಲ ಕಣಿಗೆ ಹೊಸ ಕಕ್ಕಸಿನ ನೀರು ಸೇರಿಸುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ನಮ್ಮ ಕಥೆಯಲ್ಲಿ ಕಣಿ ತೆಗೆಸಬೇಕಾದವನು ತಮ್ಮ. ದಾರಿ ಬಿಡಬೇಕಾದವನು ಅಣ್ಣ.

ಪಂಚಾಯತು ರಸ್ತೆಯ ಚರಂಡಿ ಕಟ್ಟಿದರೆ ಪಂಚಾಯತು ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಟ್ಟು ರಶೀದಿ ಪಡೆಯಿರಿ. ಆದರೆ ಆ ಚರಂಡಿಗೆ ನಮ್ಮ ಬಚ್ಚಲ ನೀರನ್ನೇ ಬಿಟ್ಟಿದ್ದರೆ ತಪ್ಪು ನಮ್ಮ ಮೇಲೇ ಬರುತ್ತದೆ. ನೆರೆಯವರೊಡನೆ ಮಾತು ಹರಿಯದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯ ಅದಾಲತಿನಲ್ಲಿ ಖರ್ಚಿಲ್ಲದೆ ರಾಜಿ ಮಾಡಿಕೊಳ್ಳಬಹುದು.

ಆರೋಗ್ಯದ ಮಾತು

ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದು ಕೊಳಚೆ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಜಗಳಕ್ಕೆ ಎಷ್ಟು ದಿನವಿದೆ ಎಂದು ಇದರಿಂದ ತಿಳಿಯಬಹುದು! ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರುತ್ತದೆ. ಕಣಿಗೆ ಇಳಿಯುವವರು ಗಂಬೂಟು, ಕೈಗವಸು ಹಾಕಬೇಕು. ಆಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಣಿಗೆ ಇಳಿದಿದ್ದ ವಿಷಯವನ್ನೂ ವೈದ್ಯರಿಗೆ ಹೇಳಿ.

ಮುಂದೆ ಕಟ್ಟದಂತೆ

ತೊಟ್ಟಿಯ ಬಾಯಿಗೆ ಜಾಲರಿ ಇಡಿ. ಜಿಡ್ಡಿನ ಪಾತ್ರೆಯನ್ನು ಕಾಗದದಿಂದ ಒರೆಸಿ ತೊಳೆಯಿರಿ. ಪೈಪು ಕಣಿಗೆ ಸೇರುವ ಮೊದಲು ಒಂದು ಸಣ್ಣ ಗುಂಡಿ ಕಟ್ಟಿಸಿದರೆ ನಾರು, ಅಗುಳು ಅಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ನೀರನ್ನು ನಮ್ಮ ಜಾಗದಲ್ಲೇ ಇಂಗಿಸುವುದು ಎಲ್ಲಕ್ಕಿಂತ ಉತ್ತಮ. ಇಂಗುಗುಂಡಿ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಮುರಕಲ್ಲಿನ ನೆಲದಲ್ಲಿ ನೀರು ಬೇಗನೆ ಸೋರುವುದರಿಂದ ಇನ್ನೂ ದೂರ ಇದ್ದಷ್ಟು ಒಳ್ಳೆಯದು. ನೆರೆಮನೆಯ ಬಾವಿಯಿಂದಲೂ ಅಷ್ಟೇ. ಗುಂಡಿಯ ಸುತ್ತ ಬಾಳೆ, ಕೆಸು ನೆಡಿ.

ಪಾಲುಪತ್ರ ಬರೆಸುವವರಿಗೆ ಒಂದು ಮಾತು: ದಾರಿ, ಬಾವಿಗಳನ್ನು ಬರೆಸುವ ಹಾಗೆ ಬಚ್ಚಲ ಕಣಿ ಎಲ್ಲಿ ಹೋಗುತ್ತದೆ, ವರ್ಷಕ್ಕೊಮ್ಮೆ ತೆಗೆಸುವವರು ಯಾರು ಎಂಬುದನ್ನೂ ಬರೆಸಿಡಿ. ಈಗಾಗಲೇ ಪಾಲಾಗಿದ್ದರೆ ಈ ಸಲ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಎರಡೂ ಮನೆಯವರು ಹಾರೆ ಹಿಡಿದು ಒಟ್ಟಿಗೆ ಕಣಿ ನೋಡಿ ಬನ್ನಿ.